ಒಂಬತ್ತು ಸಾವಿರದ ಫೋನಿಗೂ ಆಯುಷ್ಯ ಬೇಕು

ಆಂಡ್ರಾಯ್ಡ್ ಮೇಲೋ, ಐಫೋನ್ ಮೇಲೋ? ನಮ್ಮ ಕಾಲೇಜಿನ ಕ್ಯಾಂಟೀನ್‌ನಲ್ಲಿ ಎಂದೂ ಮುಗಿಯದ ವಾದ ಇದು. ಒಬ್ಬ ಕ್ಯಾಮೆರಾ ಅನ್ನುತ್ತಾನೆ, ಇನ್ನೊಬ್ಬ ಗೇಮಿಂಗ್ ಅನ್ನುತ್ತಾನೆ, ಮತ್ತೊಬ್ಬ ಹೊಸ ವರ್ಷನ್‌ನಲ್ಲಿ ಏನೇನು ಬದಲಾಗಿದೆ ಎಂದು ಪಟ್ಟಿ ಒಪ್ಪಿಸುತ್ತಾನೆ. ಬಿಇ ಓದುತ್ತಿರುವ ನಾನೂ ಈ ವಾದದಲ್ಲಿ ಸೇರಿಕೊಳ್ಳುತ್ತೇನೆ. ಆದರೆ ರಜೆಗೆ ಊರಿಗೆ ಹೋದರೆ ಅಲ್ಲಿ ಈ ವಾದವೇ ಇಲ್ಲ. ನನ್ನೂರು ಕಾಗವಾಡ ತಾಲ್ಲೂಕಿನ ಜುಗೂಳ. ಕೃಷ್ಣಾ ನದಿಯ ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಮಹಾರಾಷ್ಟ್ರದ ಖಿದ್ರಾಪುರ. ಊರಿನಲ್ಲಿ ನನಗೆ ಬರುವ ಪ್ರಶ್ನೆಗಳೇ ಬೇರೆ. "ಈ ಫೋನ್ ಯಾಕ ಇಷ್ಟ್ ಸ್ಲೋ ಆಗೇತಿ?" "ಬ್ಯಾಂಕಿನ ಆ್ಯಪ್ ಯಾಕ ತೆರಿಯವಲ್ದು?" "ಇದು ಏನೋ ಕೇಳಾಕತ್ತೈತಿ ನೋಡಪಾ, ಹೂಂ ಅನ್ಲೋ, ಬ್ಯಾಡ ಅನ್ಲೋ?" ಹಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಅಂದರೆ ಫೋನ್ ರಿಪೇರಿಯವನು ಎಂದೇ ಲೆಕ್ಕ.

ಇಂಥ ಫೋನ್‌ಗಳನ್ನು ಬಿಚ್ಚಿ ನೋಡಿದರೆ ಯಂತ್ರದಲ್ಲಿ ದೋಷ ಇರುವುದು ಕಡಿಮೆ. ಪರದೆ ಚೆನ್ನಾಗಿರುತ್ತದೆ, ಬ್ಯಾಟರಿ ತಕ್ಕಮಟ್ಟಿಗೆ ನಡೆಯುತ್ತದೆ. ಕೈಕೊಟ್ಟಿರುವುದು ಒಳಗಿನ ಆಪರೇಟಿಂಗ್ ಸಿಸ್ಟಂ. ಅದಕ್ಕೆ ಅಪ್‌ಡೇಟ್ ಬರುವುದು ನಿಂತಿರುತ್ತದೆ, ಬೇಡದ ಆ್ಯಪ್‌ಗಳು ಜಾಗ ತಿಂದಿರುತ್ತವೆ, ಪರದೆಯ ಮೇಲೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುತ್ತದೆ. ಹೊಸ ಫೀಚರ್ ಏನು ಬೇಕು ಎಂದು ಪ್ರತಿವರ್ಷ ಲೋಕವೆಲ್ಲ ಚರ್ಚಿಸುತ್ತದೆ. ಅಗ್ಗದ ಫೋನ್ ಇಟ್ಟುಕೊಂಡವರಿಗೆ ಏನು ಬೇಕು ಎಂದು ಕೇಳುವವರು ಕಡಿಮೆ. ದೇಶದಲ್ಲಿ ಶೇ 90ಕ್ಕೂ ಹೆಚ್ಚು ಸ್ಮಾರ್ಟ್‌ಫೋನ್‌ಗಳಲ್ಲಿ ಇರುವುದು ಒಂದೇ ಆಪರೇಟಿಂಗ್ ಸಿಸ್ಟಂ, ಆಂಡ್ರಾಯ್ಡ್. ಐಫೋನ್ ನಮ್ಮ ಮಟ್ಟಿಗೆ ಪೈಪೋಟಿಗೇ ಇಲ್ಲ, ಅದರ ಬೆಲೆ ಬೇರೆ ಲೋಕದ್ದು. ಹೀಗಾಗಿ ನಮ್ಮ ಕೈಯಲ್ಲಿರುವುದು ಆಯ್ಕೆ ಮಾಡಿಕೊಂಡ ವ್ಯವಸ್ಥೆಯಲ್ಲ, ಸಿಕ್ಕ ವ್ಯವಸ್ಥೆ.

ಪೈಪೋಟಿ ಇದ್ದ ಕಾಲ

ಹದಿನೈದು ವರ್ಷದ ಹಿಂದೆ ಹೀಗಿರಲಿಲ್ಲ. 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ನೋಕಿಯಾದ ಸಿಂಬಿಯನ್ ದೊಡ್ಡಣ್ಣನಾಗಿತ್ತು, ಬ್ಲ್ಯಾಕ್‌ಬೆರಿ ಇತ್ತು. 2010ರಲ್ಲಿ ಮೈಕ್ರೊಸಾಫ್ಟ್ ವಿಂಡೋಸ್ ಫೋನ್ ತಂದಿತು. 2014ರಲ್ಲಿ ಇಂಟೆಕ್ಸ್ ಕಂಪನಿ ಫೈರ್‌ಫಾಕ್ಸ್ ಓಎಸ್ ಇರುವ ಫೋನನ್ನು ಭಾರತದಲ್ಲಿ 1,999 ರೂಪಾಯಿಗೆ ಮಾರಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನದೇ ಟೈಜೆನ್ ವ್ಯವಸ್ಥೆಯ ಮೊದಲ ಫೋನನ್ನು ಬಿಡುಗಡೆ ಮಾಡಿದ್ದೂ ನಮ್ಮ ದೇಶದಲ್ಲೇ. ಅದೇ ವರ್ಷ ಐಐಟಿ ಬಾಂಬೆಯಲ್ಲಿ ಓದಿದ ಯುವಕರು ಕಟ್ಟಿದ ಇಂಡಸ್ ಓಎಸ್ ಮೈಕ್ರೊಮ್ಯಾಕ್ಸ್ ಫೋನ್‌ಗಳಲ್ಲಿ ಬಂತು. ಅದು ಆಂಡ್ರಾಯ್ಡ್ ಮೇಲೆಯೇ ಕಟ್ಟಿದ್ದು. ಬಂದ ಮೆಸೇಜನ್ನು ಬೆರಳಲ್ಲಿ ಸವರಿದರೆ ಇಂಗ್ಲಿಷಿನಿಂದ ನಮ್ಮ ಭಾಷೆಗೆ ತಿರುಗಿಸಿ ತೋರಿಸುವ ಸೌಲಭ್ಯ ಅದರಲ್ಲಿತ್ತು. ಭಾರತದ ಭಾಷೆಗಳನ್ನು ಕೊನೆಯಲ್ಲಿ ಸೇರಿಸುವ ಬದಲು ಮೊದಲೇ ಇಟ್ಟುಕೊಂಡು ಫೋನ್ ಮಾಡಬಹುದು ಎಂದು ಅವರು ತೋರಿಸಿದ್ದರು.

ಇವೆಲ್ಲ ಒಂದೊಂದಾಗಿ ಹೋದವು. ಕಾರಣ ತಿಳಿಯಲು ನಮ್ಮ ಕಡೆಯ ಸಂತೆಯನ್ನು ನೋಡಿದರೆ ಸಾಕು. ಮಾರುವವರು ಜನ ಸೇರುವ ಸಂತೆಗೇ ಹೋಗುತ್ತಾರೆ, ಜನ ಮಾಲು ಸಿಗುವ ಸಂತೆಗೇ ಹೋಗುತ್ತಾರೆ. ಹೊಸ ಸಂತೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಎರಡು ವಾರ ಖಾಲಿ ಕಂಡರೆ ಮೂರನೇ ವಾರ ಯಾರೂ ಬರುವುದಿಲ್ಲ. ವಿಂಡೋಸ್ ಫೋನ್ ಬಳಸಿದವರು ಅದರ ಪರದೆಯನ್ನು ಇಂದಿಗೂ ಹೊಗಳುತ್ತಾರೆ. ಆದರೆ ಬೇಕಾದ ಆ್ಯಪ್‌ಗಳು ಅದರಲ್ಲಿ ಸಿಗಲಿಲ್ಲ. ಬಳಕೆದಾರರು ಕಡಿಮೆ ಎಂದು ಆ್ಯಪ್ ಬರೆಯುವವರು ಬರಲಿಲ್ಲ, ಆ್ಯಪ್ ಇಲ್ಲವೆಂದು ಬಳಕೆದಾರರು ಬರಲಿಲ್ಲ. 2017ರಲ್ಲಿ ಬಂದ ಜಿಯೊಫೋನ್ ಕಾಯ್‌ಓಎಸ್ ಮೇಲೆ ನಡೆಯುತ್ತಿತ್ತು. 1,500 ರೂಪಾಯಿ ಠೇವಣಿಗೆ ಸಿಗುತ್ತಿದ್ದ ಆ ಫೋನ್ ಅನೇಕ ಹಳ್ಳಿಮನೆಗಳಿಗೆ ಇಂಟರ್ನೆಟ್ ತಂದುಕೊಟ್ಟಿತು. ಆಮೇಲೆ ವಾಟ್ಸ್‌ಆ್ಯಪ್ ಆ ವ್ಯವಸ್ಥೆಗೆ ಬೆಂಬಲ ನಿಲ್ಲಿಸಿತು. ವಾಟ್ಸ್‌ಆ್ಯಪ್ ಇಲ್ಲದ ಫೋನನ್ನು ಇವತ್ತು ಯಾರು ಇಟ್ಟುಕೊಳ್ಳುತ್ತಾರೆ?

ಒಂದು ಪ್ಲಾಟ್‌ಫಾರ್ಮ್ ಸತ್ತರೆ ಹೋಗುವುದು ಬರೀ ಫೋನಲ್ಲ. ನೋಕಿಯಾ ಸಿಂಬಿಯನ್ ಬಿಟ್ಟು ವಿಂಡೋಸ್ ಹಿಡಿಯಿತು. ಅದರ ಫೋನ್ ವ್ಯವಹಾರ 2014ರಲ್ಲಿ ಮೈಕ್ರೊಸಾಫ್ಟ್ ಪಾಲಾಯಿತು. ತೆರಿಗೆ ವಿವಾದದಲ್ಲಿ ಸಿಕ್ಕಿದ್ದ ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಕಾರ್ಖಾನೆ ಆ ವ್ಯವಹಾರದಿಂದ ಹೊರಗುಳಿದು ಅದೇ ವರ್ಷದ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಜನ ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ವಯಸ್ಸಿನವರು. ಕೆಲಸ ಹುಡುಕುವವರಿಗೂ ಈ ಪೈಪೋಟಿಯ ಕಥೆ ದೂರದ್ದಲ್ಲ.

ದೂರು ಕೊಟ್ಟವರು ಯುವಕರು

ಸಂತೆಯ ನಿಯಮವೊಂದೇ ಕಾರಣವಾಗಿದ್ದರೆ ಯಾರನ್ನೂ ದೂರುವಂತಿರಲಿಲ್ಲ. ಆದರೆ ಸಂತೆಗೆ ಹೋಗುವ ದಾರಿಗೇ ಯಾರಾದರೂ ಗೇಟು ಹಾಕಿದ್ದರೆ? ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದದ್ದು ಇದೇ ಪ್ರಶ್ನೆ.

ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತೆಗೆದುಕೊಂಡು ಫೋನ್ ಮಾಡಬಹುದು. ಆದರೆ ಪ್ಲೇ ಸ್ಟೋರ್ ಮುಕ್ತವಲ್ಲ, ಅದು ಗೂಗಲ್‌ನದು. ಪ್ಲೇ ಸ್ಟೋರ್ ಇಲ್ಲದ ಫೋನ್ ಮಾರುಕಟ್ಟೆಯಲ್ಲಿ ಓಡುವುದಿಲ್ಲ. ಪ್ಲೇ ಸ್ಟೋರ್ ಬೇಕೆಂದ ಕಂಪನಿ ಗೂಗಲ್ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಆ ಒಪ್ಪಂದದ ಪ್ರಕಾರ ಗೂಗಲ್‌ನ ಸರ್ಚ್, ಕ್ರೋಮ್, ಯೂಟ್ಯೂಬ್ ಮುಂತಾದ ಆ್ಯಪ್‌ಗಳ ಇಡೀ ಗಂಟನ್ನು ಮೊದಲೇ ಹಾಕಿಕೊಡಬೇಕಿತ್ತು. ಆಂಡ್ರಾಯ್ಡ್ ಅನ್ನು ತನ್ನದೇ ರೀತಿ ಬದಲಿಸಿದ ಬೇರೆ ಫೋನ್ ಮಾಡುವುದಕ್ಕೂ ಕಂಪನಿಗಳಿಗೆ ಕಟ್ಟುಪಾಡು ಇತ್ತು.

2018ರಲ್ಲಿ ಇದರ ವಿರುದ್ಧ ಆಯೋಗಕ್ಕೆ ದೂರು ಕೊಟ್ಟವರು ಯಾವ ದೊಡ್ಡ ಕಂಪನಿಯೂ ಅಲ್ಲ. ಸ್ಪರ್ಧಾ ಕಾನೂನು ಓದಿಕೊಂಡಿದ್ದ ಇಬ್ಬರು ಕಿರಿಯ ಸಂಶೋಧನಾ ಸಹಾಯಕರು ಮತ್ತು ಒಬ್ಬ ಕಾನೂನು ವಿದ್ಯಾರ್ಥಿ. ಅದೇ ವರ್ಷ ಯುರೋಪ್ ಒಕ್ಕೂಟ ಇಂಥದೇ ವಿಷಯದಲ್ಲಿ ಗೂಗಲ್‌ಗೆ 434 ಕೋಟಿ ಯುರೊ ದಂಡ ಹಾಕಿತ್ತು. ಅಲ್ಲಿ ತಪ್ಪಾದದ್ದು ಇಲ್ಲಿ ಹೇಗೆ ಸರಿ ಎಂಬುದು ನಮ್ಮ ಯುವಕರ ಪ್ರಶ್ನೆ. 2019ರಲ್ಲಿ ಆಯೋಗ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ ಹತ್ತು ನಿರ್ದೇಶನಗಳನ್ನು ಕೊಟ್ಟಿತು. ಅದರಿಂದ ಕೆಲವು ಬದಲಾವಣೆ ಬಂದವು. 2023ರ ಜನವರಿಯಲ್ಲಿ ಗೂಗಲ್, ಭಾರತದಲ್ಲಿ ಫೋನ್ ತಯಾರಕರು ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದು, ಬಳಕೆದಾರರು ತಮಗೆ ಬೇಕಾದ ಸರ್ಚ್ ಎಂಜಿನ್ ಆರಿಸಿಕೊಳ್ಳಬಹುದು ಎಂದು ಪ್ರಕಟಿಸಿತು.

ಆದರೆ 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಹತ್ತರಲ್ಲಿ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಮೊದಲೇ ಹಾಕಿಕೊಟ್ಟ ಗೂಗಲ್ ಆ್ಯಪ್‌ಗಳನ್ನು ಬಳಕೆದಾರ ಪೂರ್ತಿ ತೆಗೆದುಹಾಕಲು ಬಿಡಬೇಕು ಎಂಬುದು ಅದರಲ್ಲಿ ಒಂದು. ಬೇರೆ ಕಂಪನಿಯ ಆ್ಯಪ್ ಸ್ಟೋರ್‌ಗಳಿಗೂ ಪ್ಲೇ ಸ್ಟೋರ್‌ನಲ್ಲಿ ಜಾಗ ಕೊಡಬೇಕು ಎಂಬುದು ಇನ್ನೊಂದು. ಸಾಮಾನ್ಯ ಬಳಕೆದಾರನ ಕೈಗೆ ನೇರವಾಗಿ ತಲುಪಬೇಕಾಗಿದ್ದ ಎರಡು ಸೌಲಭ್ಯಗಳೇ ಬಿದ್ದುಹೋದವು. ಎರಡೂ ಕಡೆಯವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ದಂಡದ ಮೊತ್ತ ದೊಡ್ಡ ಅಕ್ಷರದಲ್ಲಿ ಸುದ್ದಿಯಾಯಿತು, ಈ ಎರಡು ಸಾಲುಗಳ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ನನಗೆ ಅನಿಸುವಂತೆ ದಂಡಕ್ಕಿಂತ ಇವೇ ದೊಡ್ಡವು.

ಯಾಕೆಂದರೆ ಒಂದೇ ಬಾಗಿಲಿದ್ದರೆ ಏನಾಗುತ್ತದೆ ಎಂಬುದನ್ನು ಕೆಲಸ ಹುಡುಕುವವರೆಲ್ಲ 2024ರ ಮಾರ್ಚ್ 1ರಂದು ನೋಡಿದ್ದಾರೆ. ಪ್ಲೇ ಸ್ಟೋರ್ ಶುಲ್ಕದ ಜಗಳದಲ್ಲಿ ಗೂಗಲ್ ಕೆಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ತೆಗೆದುಹಾಕಿತು. ಅದರಲ್ಲಿ ವಧು-ವರರ ಆ್ಯಪ್‌ಗಳಿದ್ದವು, ನೌಕರಿ ಡಾಟ್ ಕಾಮ್‌ನ ಆ್ಯಪ್ ಕೂಡ ಇತ್ತು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ವಾಪಸಾದವು. ಶುಲ್ಕ ಕೊಡದವರನ್ನು ಸುಮ್ಮನೆ ಇಟ್ಟುಕೊಳ್ಳಲಾಗದು ಎಂಬ ಗೂಗಲ್‌ನ ಮಾತಿನಲ್ಲೂ ಅರ್ಥವಿರಬಹುದು. ಪ್ರಶ್ನೆ ಅದಲ್ಲ. ಒಂದು ಅಂಗಡಿ ಬೇಡ ಎಂದರೆ ಹೋಗಲು ಇನ್ನೊಂದು ಅಂಗಡಿ ಇರಲಿಲ್ಲವಲ್ಲ ಎಂಬುದು ಪ್ರಶ್ನೆ. ಆ ಹೊತ್ತಿಗೆ ಬೆಂಗಳೂರಿನ ಫೋನ್‌ಪೇ ಕಂಪನಿ ಇಂಡಸ್ ಆ್ಯಪ್‌ಸ್ಟೋರ್ ಆರಂಭಿಸಿ ಹತ್ತು ದಿನವೂ ಆಗಿರಲಿಲ್ಲ. ಹಳೆಯ ಇಂಡಸ್ ಓಎಸ್ ಅನ್ನು ಫೋನ್‌ಪೇ ಕೊಂಡುಕೊಂಡು ಕಟ್ಟಿದ ಅಂಗಡಿ ಅದು. ಕನ್ನಡ ಸೇರಿ 12 ಭಾರತೀಯ ಭಾಷೆಗಳಲ್ಲಿದೆ. ಆದರೆ ಅದನ್ನು ಫೋನಿಗೆ ಹಾಕಿಕೊಳ್ಳಲು ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊರಗಿನಿಂದ ಹಾಕಿಕೊಳ್ಳಲು ಹೋದರೆ ಎಚ್ಚರಿಕೆಯ ಪರದೆಗಳನ್ನು ದಾಟಬೇಕು. ನಮ್ಮ ಅವ್ವನಂಥವರು ಮೊದಲ ಎಚ್ಚರಿಕೆಗೇ ಹೆದರಿ ಫೋನ್ ಕೆಳಗಿಡುತ್ತಾರೆ.

ಮೊದಲ ಬೇಡಿಕೆ: ಅಪ್‌ಡೇಟ್

ನನ್ನ ಬೇಡಿಕೆಗಳ ಪಟ್ಟಿಯಲ್ಲಿ ಮೊದಲನೆಯದು ಹೊಸ ಫೀಚರ್ ಅಲ್ಲ, ಆಯುಷ್ಯ. 2021ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಕ್ಲಾಸ್ ನಡೆಯುತ್ತಿದ್ದಾಗ ಅಪ್ಪ ನನಗಾಗಿ ಒಂಬತ್ತು ಸಾವಿರ ಕೊಟ್ಟು ಒಂದು ಫೋನ್ ತಂದರು. ಆ ಹಂಗಾಮಿನಲ್ಲಿ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ್ದ ದರ ಕ್ವಿಂಟಲ್‌ಗೆ 290 ರೂಪಾಯಿ. ಅಂದರೆ ಮೂರು ಟನ್ ಕಬ್ಬಿನ ದುಡ್ಡು, ಕಡಿಯುವ ಕೂಲಿ, ಸಾಗಣೆ ಹಿಡಿದರೆ ಇನ್ನೂ ಹೆಚ್ಚು. ಆ ಫೋನಿಗೆ ಕೊನೆಯ ಭದ್ರತಾ ಅಪ್‌ಡೇಟ್ ಬಂದದ್ದು 2023ರಲ್ಲಿ. ಈಗ ಅದು ಅವ್ವನ ಕೈಯಲ್ಲಿದೆ. ಮಾತು ಕೇಳಿಸುತ್ತದೆ, ವಿಡಿಯೊ ಓಡುತ್ತದೆ. ಆದರೆ ಬ್ಯಾಂಕೊಂದರ ಆ್ಯಪ್, ಈ ಫೋನಿನ ವ್ಯವಸ್ಥೆ ಹಳೆಯದು ಎಂದು ಹೇಳಿ ತೆರೆಯುವುದಿಲ್ಲ. ಫೋನ್ ಹಾಳಾಗಿಲ್ಲ, ಆದರೂ ಬದಲಿಸಬೇಕು. ನೇಗಿಲು, ಪಂಪ್‌ಸೆಟ್, ಹೊಲಿಗೆ ಯಂತ್ರ ಯಾವುದನ್ನೂ ನಾವು ಹೀಗೆ ಬದಲಿಸುವುದಿಲ್ಲ.

ಅಪ್‌ಡೇಟ್ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ತಾಂತ್ರಿಕ ಕಾರಣವಿದೆ. ಗೂಗಲ್ ಹೊಸ ಆಂಡ್ರಾಯ್ಡ್ ಕೊಟ್ಟರೆ ಅದು ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ಮೊದಲು ಚಿಪ್ ಮಾಡುವ ಕಂಪನಿ ತನ್ನ ಡ್ರೈವರ್‌ಗಳನ್ನು ಹೊಂದಿಸಬೇಕು, ಆಮೇಲೆ ಫೋನ್ ಕಂಪನಿ ತನ್ನ ಮಾಡೆಲ್‌ಗೆ ಹೊಂದಿಸಿ ಪರೀಕ್ಷಿಸಬೇಕು. ಒಂದು ಕಂಪನಿ ವರ್ಷಕ್ಕೆ ಹತ್ತಾರು ಅಗ್ಗದ ಮಾಡೆಲ್ ಬಿಟ್ಟರೆ ಪ್ರತಿಯೊಂದಕ್ಕೂ ಈ ಕೆಲಸ ಮಾಡುವುದು ಖರ್ಚಿನ ಬಾಬತ್ತು. 2017ರ ಆಂಡ್ರಾಯ್ಡ್ 8ರಲ್ಲಿ ಗೂಗಲ್ ಟ್ರೆಬಲ್ ಎಂಬ ಯೋಜನೆ ತಂದು ಚಿಪ್‌ನ ಭಾಗವನ್ನೂ ಆಂಡ್ರಾಯ್ಡ್‌ನ ಭಾಗವನ್ನೂ ಬೇರ್ಪಡಿಸಿತು. 2019ರ ಆಂಡ್ರಾಯ್ಡ್ 10ರಿಂದ ಕೆಲವು ಭದ್ರತಾ ಭಾಗಗಳು ಪ್ಲೇ ಸ್ಟೋರ್ ಮೂಲಕವೇ ಅಪ್‌ಡೇಟ್ ಆಗುತ್ತವೆ. ಅಂದರೆ ದಾರಿ ಮೊದಲಿಗಿಂತ ಸುಲಭವಾಗಿದೆ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಫೋನ್‌ಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್, ಸ್ಯಾಮ್‌ಸಂಗ್ ಹೇಳಿವೆ. ಎಪ್ಪತ್ತು ಸಾವಿರದ ಫೋನಿಗೆ ಏಳು ವರ್ಷ ಸಾಧ್ಯವಾದರೆ ಒಂಬತ್ತು ಸಾವಿರದ ಫೋನಿಗೆ ಕನಿಷ್ಠ ಐದು ವರ್ಷ ಭದ್ರತಾ ಅಪ್‌ಡೇಟ್ ಕೇಳುವುದು ಅತಿಯಾಸೆ ಅಲ್ಲ.

ಕಂಪನಿಗಳು ತಾವಾಗಿ ಕೊಡದಿದ್ದರೆ ಕಾನೂನು ಕೊಡಿಸಬಹುದು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ, ಒಂದು ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಸಿಗಬೇಕು. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ, ಭದ್ರತಾ ಅಪ್‌ಡೇಟ್ ಎಷ್ಟು ಕಾಲ ಕೊಡುತ್ತೇವೆ ಎಂದು ತಯಾರಕರು ಮೊದಲೇ ಹೇಳುವುದು ಕಡ್ಡಾಯ. ನಮ್ಮಲ್ಲಿ ಬಿಸ್ಕಿಟ್ ಪೊಟ್ಟಣದ ಮೇಲೂ ಎಂಆರ್‌ಪಿ ಮತ್ತು ಅವಧಿ ಮುಗಿಯುವ ದಿನ ಇರುತ್ತದೆ. ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿಯ ಮೇಲೂ ವಿವರ ಇರುತ್ತದೆ. ಫೋನಿನ ಡಬ್ಬದ ಮೇಲೆ ಮಾತ್ರ ಯಾಕಿಲ್ಲ? "ಈ ಫೋನಿಗೆ ಇಂಥ ತಿಂಗಳಿನ ತನಕ ಭದ್ರತಾ ಅಪ್‌ಡೇಟ್ ಬರುತ್ತದೆ" ಎಂಬ ಒಂದು ಸಾಲು ಕನ್ನಡದಲ್ಲಿ ಅಚ್ಚಾಗಿದ್ದರೆ ಗ್ರಾಹಕ ತಾನೇ ತೂಗಿ ನೋಡುತ್ತಾನೆ. ಆಗ ಪೈಪೋಟಿ ಮೆಗಾಪಿಕ್ಸೆಲ್ ಬಿಟ್ಟು ಆಯುಷ್ಯದ ಮೇಲೆ ನಡೆಯುತ್ತದೆ.

ಕಾಯಂ ಆಗಿ ಅಂಟಿಕೊಂಡ ಆ್ಯಪ್‌ಗಳ ವಿಷಯವೂ ಇದಕ್ಕೇ ಸೇರಿದ್ದು. 32 ಜಿಬಿ ಫೋನಿನಲ್ಲಿ ವ್ಯವಸ್ಥೆಯೇ ಅರ್ಧದಷ್ಟು ಜಾಗ ಹಿಡಿದಿರುತ್ತದೆ. ಮೇಲೆ ಯಾರೂ ಕೇಳದ ಗೇಮ್, ಸಾಲದ ಆ್ಯಪ್, ಲಾಕ್ ಪರದೆಯ ಮೇಲೆ ಜಾಹೀರಾತು. ಮಗನ ಪರೀಕ್ಷೆಯ ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಲು ಜಾಗ ಇಲ್ಲದೆ ಮದುವೆಯ ಫೋಟೊ ಅಳಿಸುವವರನ್ನು ನಾನು ನೋಡಿದ್ದೇನೆ. ತೆಗೆಯಲು ಬಾರದ ಆ್ಯಪ್ ಯಾರದಾದರೂ ತಪ್ಪೇ. 2025ರ ಡಿಸೆಂಬರ್ ಹೊತ್ತಿಗೆ ಕೇಂದ್ರ ದೂರಸಂಪರ್ಕ ಇಲಾಖೆ ಸಂಚಾರ್ ಸಾಥಿ ಆ್ಯಪ್ ಅನ್ನು ಎಲ್ಲ ಹೊಸ ಫೋನ್‌ಗಳಲ್ಲಿ ಮೊದಲೇ ಹಾಕಬೇಕು ಎಂದು ಆದೇಶಿಸಿ, ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಆ ಆ್ಯಪ್ ಕಳವಾದ ಫೋನ್ ಹುಡುಕಲು ಉಪಯೋಗಕ್ಕೆ ಬರುತ್ತದೆ, ಬೇಕಾದವರು ಹಾಕಿಕೊಳ್ಳಲಿ. ಕಂಪನಿಗೆ ಒಂದು ನ್ಯಾಯ, ಸರ್ಕಾರಕ್ಕೆ ಒಂದು ನ್ಯಾಯ ಆಗಬಾರದು.

ಕನ್ನಡ ಬಂತು, ಪೂರ್ತಿ ಬರಲಿಲ್ಲ

ಕನ್ನಡದ ವಿಷಯದಲ್ಲಿ ಪೈಪೋಟಿ ನಮಗೆ ಒಳ್ಳೆಯದನ್ನೇ ಮಾಡಿದೆ ಎಂದು ಒಪ್ಪಬೇಕು. ಮೊದಲಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ಡಬ್ಬಿಗಳು ಕಾಣುತ್ತಿದ್ದವಂತೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಬೆಂಬಲ ಸಿಕ್ಕಿತು. ಐಫೋನ್‌ನಲ್ಲಿ ಆಪಲ್‌ನದೇ ಕನ್ನಡ ಕೀಬೋರ್ಡ್ ಬರಲು 2017ರ ಐಒಎಸ್ 11ರ ತನಕ ಕಾಯಬೇಕಾಯಿತು. ಅಂದರೆ ಮೊದಲ ಐಫೋನ್ ಬಂದು ಹತ್ತು ವರ್ಷ. 2016ರಲ್ಲಿ ಕೇಂದ್ರ ಸರ್ಕಾರ ಐಎಸ್ 16333 ಎಂಬ ಮಾನದಂಡವನ್ನು ಕಡ್ಡಾಯ ಮಾಡಲು ಹೊರಟಿತು. ಭಾರತದಲ್ಲಿ ಮಾರುವ ಎಲ್ಲ ಫೋನ್‌ಗಳಲ್ಲಿ 22 ಭಾಷೆಗಳನ್ನು ಓದಲು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾಷೆಯಲ್ಲಿ ಬರೆಯಲು ಬರಬೇಕು ಎಂಬುದು ಅದರ ಸಾರ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಇಷ್ಟು ಜನರ ಭಾಷೆಗೆ ಜಾಗ ಸಿಗಲು ಮಾರುಕಟ್ಟೆಯ ಆಸೆ, ಸರ್ಕಾರದ ನಿಯಮ ಎರಡೂ ಬೇಕಾದವು.

ಈಗ ಅಕ್ಷರ ಕಾಣುತ್ತದೆ, ಬರೆಯಲೂ ಬರುತ್ತದೆ. ಕೆಲಸ ಇನ್ನೂ ಉಳಿದಿದೆ. ಅಪ್ಪನ ಫೋನಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಉಳಿಸಿಕೊಟ್ಟಿದ್ದೇನೆ. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಹುಡುಕಿದರೆ ಆ ಹೆಸರು ಸಿಗುವುದಿಲ್ಲ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಮೊದಲ ಪರದೆ ಕನ್ನಡ, ಒಳಗೆ ಹೋದಂತೆ ಇಂಗ್ಲಿಷ್. ಬಂದ ಕನ್ನಡವೂ ಎಷ್ಟೋ ಕಡೆ ಯಾರೂ ಆಡದ ಕನ್ನಡ. ಲೊಕೇಶನ್, ಕ್ಯಾಮೆರಾ, ಮೆಸೇಜ್ ನೋಡಲು ಆ್ಯಪ್ ಒಂದು ಅನುಮತಿ ಕೇಳಿದಾಗ, ಕೊಟ್ಟರೆ ಏನಾಗುತ್ತದೆ ಎಂದು ನಮ್ಮವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಿಲ್ಲ. ಸರ್ಕಾರದ ಹಳೆಯ ಸುತ್ತೋಲೆ, ನೇಮಕಾತಿ ಅಧಿಸೂಚನೆಗಳಲ್ಲಿ ಯುನಿಕೋಡ್ ಅಲ್ಲದ ನುಡಿ ಫಾಂಟ್ ಇದ್ದರೆ ಫೋನಿನಲ್ಲಿ ಕಾಪಿ ಮಾಡಿ ಅಂಟಿಸಿದಾಗ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಪಿಡಿಒ, ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದುವವರಿಗೆಲ್ಲ ಈ ಅನುಭವ ಆಗಿರುತ್ತದೆ. ಇವು ದೊಡ್ಡ ಸಂಶೋಧನೆ ಬೇಡುವ ಸಮಸ್ಯೆಗಳಲ್ಲ. ಯಾರಾದರೂ ಕೂತು ಮಾಡಬೇಕಾದ ಕೆಲಸಗಳು. ಮಾಡದಿದ್ದರೆ ಗ್ರಾಹಕ ಬೇರೆ ಕಡೆ ಹೋಗುತ್ತಾನೆ ಎಂಬ ಭಯ ಇದ್ದಿದ್ದರೆ ಯಾವತ್ತೋ ಆಗುತ್ತಿದ್ದವು.

ಗಡಿಯ ಊರಿನವರಿಗೆ ಇನ್ನೊಂದು ತೊಡಕಿದೆ. ನಮ್ಮ ಫೋನ್ ಎಷ್ಟೋ ಸಲ ನದಿಯಾಚೆಯ ಟವರ್ ಹಿಡಿಯುತ್ತದೆ. ಮರಾಠಿ ನಮಗೆ ಪರಕೀಯ ಭಾಷೆಯಲ್ಲ. ಮದುವೆ, ಸಂತೆ, ಆಸ್ಪತ್ರೆ ಎಂದು ನಾವು ಎರಡೂ ದಂಡೆಯಲ್ಲಿ ಬದುಕುವವರು. ಆದರೆ ಮಾತು ತಿಳಿಯುವುದು ಬೇರೆ, ಓದುವುದು ಬೇರೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಕೃಷ್ಣೆ ಉಕ್ಕಿ ಬಂದಾಗ ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬಂತು ಎಂಬ ಸುದ್ದಿ ನಮಗೆ ಸಿಕ್ಕಿದ್ದು ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳಲ್ಲಿ. ಯಾವುದು ಇಂದಿನದು, ಯಾವುದು ನಿನ್ನೆಯದು ಎಂದು ಗೊತ್ತಾಗುತ್ತಿರಲಿಲ್ಲ. ಈಗ ಸೆಲ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆ ಬಂದಿದೆ. ಟವರ್‌ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನ್‌ಗಳಿಗೂ ಒಂದೇ ಸಲ ಎಚ್ಚರಿಕೆ ಹೋಗುತ್ತದೆ, ಇಂಟರ್ನೆಟ್ ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನ್ ಒಮ್ಮೆಗೇ ಕಿರುಚಿಕೊಂಡದ್ದು ಇದರ ಪರೀಕ್ಷೆಗಾಗಿ. ನನ್ನ ಬೇಡಿಕೆ ಇಷ್ಟೇ. ಎಚ್ಚರಿಕೆ ಯಾವ ರಾಜ್ಯದ ಟವರ್‌ನಿಂದ ಬಂದರೂ, ಫೋನ್ ಅದನ್ನು ಬಳಕೆದಾರ ಆರಿಸಿದ ಭಾಷೆಯಲ್ಲಿ ತೋರಿಸಬೇಕು, ಗಟ್ಟಿಯಾಗಿ ಓದಿ ಹೇಳಬೇಕು. ಅದೂ ಇಂಟರ್ನೆಟ್ ಇಲ್ಲದೆ. ಕನ್ನಡ ಅಕ್ಷರ ಓದಲು ಬಾರದ ಅಜ್ಜಿಗೂ ನೀರು ಬರುವ ಸುದ್ದಿ ತಿಳಿಯಬೇಕು. ಫೋಟೊದಲ್ಲಿ ಮುಖ ಬದಲಿಸುವ ಕೃತಕ ಬುದ್ಧಿಮತ್ತೆ ಫೋನಿನೊಳಗೇ ಕೂತಿರುವಾಗ ಎರಡು ಸಾಲಿನ ಎಚ್ಚರಿಕೆಯನ್ನು ಮರಾಠಿಯಿಂದ ಕನ್ನಡಕ್ಕೆ ತರುವುದು ದೊಡ್ಡ ಮಾತಲ್ಲ.

ನಮ್ಮಂಥವರು ಬರೆದ ಆ್ಯಪ್‌ಗೆ ದಾರಿ

ಕೊನೆಯ ಬೇಡಿಕೆ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನದು. ಪ್ರಾಜೆಕ್ಟ್‌ಗಾಗಿ ನಾವು ಆ್ಯಪ್ ಬರೆಯುತ್ತೇವೆ. ಕಬ್ಬಿನ ಸರದಿ ನೋಡುವುದು, ಬಸ್ ಸಮಯ ತಿಳಿಯುವುದು, ಹಾಲಿನ ಲೆಕ್ಕ ಇಡುವುದು, ಹೀಗೆ. ಅದು ಕಾಲೇಜಿನ ಲ್ಯಾಬ್ ದಾಟಿ ಜನರ ಕೈಗೆ ಹೋಗಬೇಕಾದರೆ ಪ್ಲೇ ಸ್ಟೋರ್‌ಗೆ 25 ಡಾಲರ್ ಕಟ್ಟಿ ಖಾತೆ ತೆರೆಯಬೇಕು. ಆಪಲ್‌ನಲ್ಲಾದರೆ ಪ್ರತಿವರ್ಷ 99 ಡಾಲರ್. 2023ರ ಕೊನೆಯಿಂದ ವೈಯಕ್ತಿಕ ಖಾತೆ ತೆರೆಯುವ ಹೊಸಬರು 20 ಮಂದಿ ಪರೀಕ್ಷಕರನ್ನು 14 ದಿನ ಹಿಡಿದಿಟ್ಟುಕೊಳ್ಳಬೇಕು ಎಂಬ ನಿಯಮ ಬಂತು. ಈಗ ಅದು 12ಕ್ಕೆ ಇಳಿದಿದೆ. ಇದಿಲ್ಲದೆ ಎಪಿಕೆ ಫೈಲ್ ನೇರವಾಗಿ ಹಂಚುವ ದಾರಿಯೊಂದಿತ್ತು. ಅದಕ್ಕೂ ಗುರುತು ದೃಢಪಡಿಸಿದ ಡೆವಲಪರ್‌ಗಳೇ ಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಶುರು ಮಾಡಿ ಮುಂದೆ ಎಲ್ಲ ದೇಶಗಳಿಗೂ ತರುವ ಯೋಜನೆ ಅದು.

ಇದರ ಹಿಂದಿನ ಕಾರಣವನ್ನು ತಳ್ಳಿಹಾಕುವಂತಿಲ್ಲ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಒತ್ತಿ ಖಾತೆ ಖಾಲಿಯಾದ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಬಾಗಿಲಿಗೆ ಕಾವಲು ಬೇಕು. ಆದರೆ ಕಾವಲುಗಾರನೇ ಅಂಗಡಿಯ ಮಾಲೀಕನೂ ಆಗಿದ್ದರೆ ಪಕ್ಕದ ಅಂಗಡಿಗೆ ಹೋಗುವವರನ್ನು ಅವನು ಹೇಗೆ ನೋಡುತ್ತಾನೆ? ಗುರುತು ದೃಢಪಡಿಸುವ ಕೆಲಸ ಒಂದೇ ಕಂಪನಿಯ ಕೈಯಲ್ಲಿ ಇರಬೇಕಿಲ್ಲ. ಡಿಜಿಟಲ್ ಸಹಿಗೆ ಸರ್ಕಾರದ ಮಾನ್ಯತೆ ಪಡೆದ ಹಲವು ಸಂಸ್ಥೆಗಳು ನಮ್ಮಲ್ಲಿ ಈಗಾಗಲೇ ಇವೆ. ಆ್ಯಪ್‌ಗೂ ಅದೇ ಕ್ರಮ ಬರಲಿ. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಗುರುತಿನ ಮೇಲೆ ಉಚಿತ ದೃಢೀಕರಣ ಸಿಗಲಿ. ವಿಟಿಯು ಇಂಥದ್ದನ್ನು ಕೇಳಿದರೆ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲರ ದನಿ ಅದಕ್ಕಿರುತ್ತದೆ.

ನಮ್ಮದೇ ಓಎಸ್ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2023ರ ಜನವರಿಯಲ್ಲಿ ಐಐಟಿ ಮದ್ರಾಸ್‌ನ ಆಶ್ರಯದಲ್ಲಿ ಬೆಳೆದ ಕಂಪನಿಯೊಂದು ಭರೋಸ್ ತಂದಾಗ ನಾವೆಲ್ಲ ಸ್ಟೇಟಸ್ ಹಾಕಿ ಸಂಭ್ರಮಿಸಿದೆವು. ಮೊದಲೇ ಯಾವ ಆ್ಯಪ್ ಹೇರದ ಅದರ ರೀತಿ ಒಳ್ಳೆಯದು. ಆದರೆ ಅದನ್ನು ಹಾಕಿದ ಫೋನ್ ನಮ್ಮ ಕಡೆಯ ಯಾವ ಅಂಗಡಿಯಲ್ಲೂ ನಾನು ಇನ್ನೂ ಕಂಡಿಲ್ಲ. ಚೀನಾದ ಹುವಾವೆ 2019ರಲ್ಲಿ ಅಮೆರಿಕದ ನಿರ್ಬಂಧಕ್ಕೆ ಸಿಕ್ಕ ಮೇಲೆ ಹಾರ್ಮನಿ ಓಎಸ್ ಕಟ್ಟಿ ನಿಲ್ಲಿಸಿತು. ಅದರ ಹಿಂದೆ ದೇಶದೊಳಗಿನ ದೊಡ್ಡ ಮಾರುಕಟ್ಟೆಯೂ ವರ್ಷಗಟ್ಟಲೆ ಸುರಿದ ಹಣವೂ ಇತ್ತು. ಧ್ವಜ ನೋಡಿ ಯಾರೂ ಓಎಸ್ ಬಳಸುವುದಿಲ್ಲ, ಬ್ಯಾಂಕಿನ ಆ್ಯಪ್, ವಾಟ್ಸ್‌ಆ್ಯಪ್, ಡಿಜಿಲಾಕರ್ ನಡೆದರೆ ಬಳಸುತ್ತಾರೆ. ಆದ್ದರಿಂದ ಮೊದಲು ಆಗಬೇಕಾದದ್ದು ನಿಯಮ. ಸರ್ಕಾರದ ಮತ್ತು ಬ್ಯಾಂಕುಗಳ ಸೇವೆ ಒಂದೇ ಆ್ಯಪ್ ಸ್ಟೋರ್‌ಗೆ ಕಟ್ಟುಬೀಳಬಾರದು, ಮಾಮೂಲಿ ಬ್ರೌಸರ್‌ನಲ್ಲೂ ಪೂರ್ತಿ ನಡೆಯಬೇಕು. ಆಗ ಹೊಸ ಓಎಸ್ ತರುವವರಿಗೆ ಅರ್ಧ ದಾರಿ ಸವೆದಂತೆ.

ಇದೆಲ್ಲ ದೆಹಲಿಯಲ್ಲಿ, ಕೋರ್ಟಿನಲ್ಲಿ ತೀರ್ಮಾನವಾಗುವ ಮಾತು, ನಮ್ಮ ಕೈಯಲ್ಲಿ ಏನಿದೆ ಎಂದು ಕೇಳಬಹುದು. ಆಯೋಗಕ್ಕೆ ದೂರು ಕೊಟ್ಟ ಮೂವರೂ ನಮ್ಮಂಥ ಯುವಕರೇ ಎಂಬುದನ್ನು ಮರೆಯಬೇಡಿ. ಅಷ್ಟು ದೂರ ಹೋಗದಿದ್ದರೂ, ಮನೆಗೆ ಮುಂದಿನ ಫೋನ್ ತರುವಾಗ ಅಂಗಡಿಯವನಿಗೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಆ ವಿವರ ನೋಡಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ಅವನು ಡೀಲರ್‌ನನ್ನು ಕೇಳುತ್ತಾನೆ, ಡೀಲರ್ ಕಂಪನಿಯನ್ನು ಕೇಳುತ್ತಾನೆ. ಮನೆಯವರ ಫೋನನ್ನು ಒಮ್ಮೆ ಕೂತು ಕನ್ನಡಕ್ಕೆ ಬದಲಿಸಿಕೊಡಿ, ತಪ್ಪು ಅನುವಾದ ಕಂಡಲ್ಲಿ ಫೀಡ್‌ಬ್ಯಾಕ್ ಕಳಿಸಿ. ಓಪನ್ ಸೋರ್ಸ್ ಯೋಜನೆಗಳಲ್ಲಿ ಕನ್ನಡ ಅನುವಾದಕ್ಕೆ ಕೈಗಳು ಬೇಕಾಗಿವೆ. ಅದು ನಿಮ್ಮ ರೆಸ್ಯೂಮೆಯಲ್ಲೂ ಒಂದು ಸಾಲಾಗುತ್ತದೆ. ಅಪ್‌ಡೇಟ್‌ನ ಕೊನೆಯ ದಿನವನ್ನು ಡಬ್ಬದ ಮೇಲೆ ಅಚ್ಚು ಹಾಕಿಸಿ ಎಂದು ಗ್ರಾಹಕ ವ್ಯವಹಾರಗಳ ಇಲಾಖೆಗೆ ಒಂದು ಇಮೇಲ್ ಬರೆಯಲು ಹತ್ತು ನಿಮಿಷ ಸಾಕು. ನಾನು ಬರೆದಿದ್ದೇನೆ, ನೀವೂ ಬರೆಯಿರಿ.

(ಲೇಖಕರು ಬಿಇ ವಿದ್ಯಾರ್ಥಿ, ಜುಗೂಳ, ಕಾಗವಾಡ ತಾಲ್ಲೂಕು)